ಅಜ್ಜನ ಪಕ್ಕದ ಎಲೆ

ಧನಿಯ ಹುರಿಯುವ ವಾಸನೆ ಬಂದರೆ ನನಗೆ ಕೈಯಲ್ಲಿರುವ ಕೆಲಸ ಮರೆತುಹೋಗುತ್ತದೆ. ಈ ಸಲ ಹಿರಿಯರ ಹಬ್ಬದ ಬೆಳಿಗ್ಗೆ ಸೋದರತ್ತೆಯ ಮನೆಯ ಜಗಲಿಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಆ ಮನೆಯಲ್ಲಿ ನನ್ನನ್ನು ನಂಬಿ ಕೊಡುವ ಕೆಲಸ ಅದೊಂದೇ. ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತಳಾದವಳಿಗೆ ಮಸಾಲೆ ರುಬ್ಬಲು ಬರುವುದಿಲ್ಲ ಎಂಬುದು ಅತ್ತೆಯ ಖಚಿತ ಅಭಿಪ್ರಾಯ, ಅದು ನಿಜವೂ ಹೌದು. ಒಳಗಿನಿಂದ ಧನಿಯ, ಚಕ್ಕೆ, ಲವಂಗದ ಘಮ ಬಂತು. ಅದರ ಹಿಂದೆಯೇ ನನಗೆ ಅಜ್ಜನ ನೆನಪು ಬಂತು. ತಮಾಷೆಯೆಂದರೆ, ಆ ವಾಸನೆ ಬಂದ ಕೂಡಲೇ ಮನೆಬಿಟ್ಟು ಹೋಗುತ್ತಿದ್ದವನು ಅಜ್ಜ.

ನಿಮ್ಮ ಮನೆಯಲ್ಲೂ ಈ ಹಬ್ಬವಿದ್ದರೆ ನಾನು ವಿವರಿಸಬೇಕಿಲ್ಲ. ತೀರಿಹೋದವರ ಫೋಟೋಗಳನ್ನು ಗೋಡೆಯಿಂದ ಇಳಿಸಿ, ಸಾಲಾಗಿ ಇಟ್ಟು, ಒಬ್ಬೊಬ್ಬರ ಮುಂದೆಯೂ ಬಾಳೆ ಎಲೆ ಹಾಕಿ, ಬದುಕಿದ್ದಾಗ ಅವರಿಗೆ ಏನು ಇಷ್ಟವಿತ್ತೋ ಅದನ್ನೇ ಬಡಿಸುತ್ತೇವೆ. ಅದಕ್ಕೆ ಎಡೆ ಎನ್ನುತ್ತೇವೆ. ನಮ್ಮದು ಕುರಿ ಸಾಕಿದ ಮನೆತನ, ಬಾಡೂಟವಿಲ್ಲದೆ ನಮ್ಮ ಹಿರಿಯರು ಎಲೆ ಬಿಟ್ಟು ಏಳುವವರಲ್ಲ. ಮುತ್ತಜ್ಜನ ಎಲೆಗೆ ತಲೆಮಾಂಸವೇ ಆಗಬೇಕು. ಚಿಕ್ಕಜ್ಜನಿಗೆ ಮಾಂಸದ ಜೊತೆ ಒಂದು ಕಟ್ಟು ಬೀಡಿ. ಅಜ್ಜನ ಎಲೆಯಲ್ಲಿ ಮಾತ್ರ ಮುದ್ದೆ, ಹುರುಳಿಕಾಳಿನ ಸಾರು, ಒಂದು ಈರುಳ್ಳಿ. ಅವನ ಪಕ್ಕದಲ್ಲಿ, ಯಾವ ಫೋಟೋವೂ ಇಲ್ಲದ ಜಾಗದಲ್ಲಿ, ಇನ್ನೊಂದು ಎಲೆ. ಚಿಕ್ಕವಳಿದ್ದಾಗ ಅದು ಕಾಗೆಗೆ ಎಂದುಕೊಂಡಿದ್ದೆ. ಕಾಗೆಗೆ ಇಷ್ಟು ಮರ್ಯಾದೆ ಯಾಕೆ ಎಂದು ಕೇಳುವ ಬುದ್ಧಿ ಆಗ ಇರಲಿಲ್ಲ.

ಅಜ್ಜ ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದವನು. ಸ್ವಾತಂತ್ರ್ಯ ಬರುವುದಕ್ಕೆ ಸ್ವಲ್ಪ ಮುಂಚೆ ರಾಮಗಿರಿ ಸ್ಟೇಷನ್ನಿನಲ್ಲಿ ರೈಲಿಳಿದು, ಖಾಕಿ ಕೋಟು ತೊಟ್ಟು, ಮಿಲಿಟರಿಯಲ್ಲಿ ಕೊಟ್ಟಿದ್ದ ಅಲ್ಯೂಮಿನಿಯಂ ಊಟದ ಡಬ್ಬಿ ಹಿಡಿದುಕೊಂಡು ಊರಿಗೆ ನಡೆದು ಬಂದನಂತೆ. ಅಂದಿನಿಂದ ಅವನು ಮಿಲಿಟ್ರಿ ಸಿದ್ದಪ್ಪ. ಪ್ರತಿ ಆಗಸ್ಟ್ ಹದಿನೈದಕ್ಕೆ ಶಾಲೆಯ ಮೇಷ್ಟ್ರು ಅವನನ್ನು ಕರೆಸಿ ಬಾವುಟದ ಪಕ್ಕ ನಿಲ್ಲಿಸುತ್ತಿದ್ದರು. ಅವನು ಆ ಕೋಟಿನೊಳಗೆ ಬೆವರುತ್ತಾ ನಿಂತಿರುತ್ತಿದ್ದ. "ಎಷ್ಟು ಜನುರ್ನ ಹೊಡ್ದೆ ಅಜ್ಜ?" ಎಂದು ಹುಡುಗರು ಕೇಳಿದರೆ ಬೀಡಿ ಹಚ್ಚಿಕೊಂಡು ಬೇರೆ ಕಡೆ ನೋಡುತ್ತಿದ್ದ. ಅವನು ಬಾಯಿ ಬಿಡದೆ ಇದ್ದುದರಿಂದ ಊರವರೇ ತಮಗೆ ತೋಚಿದಷ್ಟು ಜಪಾನಿಯರನ್ನು ಅವನ ಲೆಕ್ಕಕ್ಕೆ ಹೊಡೆದುಹಾಕಿದರು.

ಯುದ್ಧದಿಂದ ಬಂದವನು ಮಾಂಸ ಮುಟ್ಟಲಿಲ್ಲ. ಮನೆಯಲ್ಲಿ ಕುರಿ ಕೊಯ್ಯುವ ದಿನ ರಾಮಗಿರಿ ಗುಡ್ಡ ಹತ್ತಿ ಕೂತರೆ ಸಂಜೆಗೇ ಇಳಿಯುತ್ತಿದ್ದುದು. "ಮನುಷ್ಯರ ರಕ್ತ ಕಂಡ ಕಣ್ಣು, ಇನ್ನೇನು ಸೇರ್ತೈತೆ" ಎಂದು ಜನ ಆಡಿಕೊಂಡರು. ಇನ್ನೊಂದು ವಿಚಿತ್ರವೂ ಇತ್ತು. ನಮ್ಮಲ್ಲಿ ಮನೆಯ ಕುರಿಗಳಿಗೆ ಹೆಸರಿಡುವುದು ರೂಢಿ. ಬೊಟ್ಟಿ, ಕೆಂಚಿ, ಮೋಟುಗಿವಿ, ಹೀಗೆ. ಅಜ್ಜ ಅದನ್ನು ನಿಲ್ಲಿಸಿಬಿಟ್ಟ. ಅತ್ತೆ ಹುಡುಗಿಯಾಗಿದ್ದಾಗ ಒಂದು ಮರಿಗೆ ಹೆಸರಿಟ್ಟುಕೊಂಡು ಮುದ್ದು ಮಾಡುತ್ತಿದ್ದುದನ್ನು ಕಂಡು, "ಹೆಸರಿಡಬ್ಯಾಡ ಕೂಸೆ. ಹೆಸರಿಟ್ರೆ ಕರೆದಾಗ ಬಂದ್ಬಿಡ್ತವೆ" ಎಂದನಂತೆ. ಕರೆದಾಗ ಬರಲಿ ಎಂದೇ ಅಲ್ಲವೇ ಹೆಸರಿಡುವುದು? ಮನೆಯವರೆಲ್ಲ ಈ ಮಾತು ನೆನೆಸಿಕೊಂಡು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಅತ್ತೆ ನನ್ನಪ್ಪನ ಅಕ್ಕ. ಅವಳನ್ನು ಊರಲ್ಲೇ ಕೊಟ್ಟಿದ್ದರು. ಅಪ್ಪ ನೌಕರಿಗೆಂದು ಹಿರಿಯೂರು ಸೇರಿದ ಮೇಲೆ ಹಿರಿಯರ ಹಬ್ಬ ಅವಳ ಕೈಗೆ ಬಂತು. ನಾನು ನಿವೃತ್ತಳಾದ ವರ್ಷ, ಹಬ್ಬದ ಪಾತ್ರೆ ತೊಳೆಯುತ್ತಾ ಅವಳು ಇದ್ದಕ್ಕಿದ್ದಂತೆ ಕೇಳಿದಳು.

"ಲೇ ಹುಡುಗಿ, ನಮ್ಮಪ್ಪನ ಪಕ್ಕದ ಎಲೆ ಯಾರ್ದು ಗೊತ್ತೇನೆ?"

ಕಾಗೆಯದು ಎಂದೆ. ಅತ್ತೆ ನಗಲಿಲ್ಲ.

"ಅಪ್ಪನ ಕೈಲಿ ಸತ್ತೋರ್ದು. ಅಪ್ಪ ತೀರಿಕೊಂಡ ವರ್ಸ ನಮ್ಮವ್ವ ಶುರು ಮಾಡಿದ್ಲು. ಯಾರ ಮನೆ ಮಕ್ಕಳೋ, ಅವ್ರಿಗೆ ಎಡೆ ಇಡೋರು ಅದಾರೋ ಇಲ್ವೋ ಅಂತ."

ಆಗ ನನಗೆ ಹೊಳೆಯಿತು, ಆ ಎಲೆಯಲ್ಲಿ ಮುದ್ದೆಯ ಬದಲು ಅನ್ನ ಇರುತ್ತಿದ್ದುದು ಯಾಕೆ ಎಂದು. ಜಪಾನಿನವರು ಅನ್ನ ಉಣ್ಣುವವರು ಎಂದು ಎಂದೋ ನಾನೇ ಹೇಳಿದ್ದೆ. ಮುದ್ದೆ ಗಂಟಲಲ್ಲಿ ಇಳಿಯದೆ ಒದ್ದಾಡಿಯಾರು ಎಂದು ಅತ್ತೆ ಅಂದಿನಿಂದ ಅಡುಗೆ ಬದಲಿಸಿದ್ದಳು. ಅತ್ತೆ ಕೈ ಒರೆಸಿಕೊಂಡು ಹತ್ತಿರ ಬಂದಳು.

"ನೀನು ಇತಿಹಾಸದ ಟೀಚರು. ನಮ್ಮಪ್ಪ ಯಾರನ್ನಾದ್ರೂ ಕೊಂದಿದ್ನಾ ಇಲ್ವಾ ಅಂತ ಎಲ್ಲಾದ್ರೂ ಬರ್ದಿಟ್ಟಿರ್ತಾರಾ? ನಾನು ಹೋಗಾದ್ರೊಳಗೆ ತಿಳ್ಕಬೇಕು ಕಣೇ."

ಎರಡನೇ ಮಹಾಯುದ್ಧದ ಕಾರಣಗಳು, ಪರಿಣಾಮಗಳು ನನಗೆ ಇಂದಿಗೂ ಬಾಯಿಪಾಠ. ಅತ್ತೆಯ ಪ್ರಶ್ನೆಗೆ ಅವುಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ.

ಮಾಜಿ ಸೈನಿಕರ ಕೆಲಸ ನೋಡುವ ಕಚೇರಿ ಹುಡುಕಿಕೊಂಡು ಚಿತ್ರದುರ್ಗಕ್ಕೆ ಹೋದೆ. ಅಲ್ಲಿ ಹೊಳಲ್ಕೆರೆ ಕಡೆಯವರೊಬ್ಬರಿದ್ದರು, ತಾವೂ ಸೈನ್ಯದಲ್ಲಿದ್ದು ಬಂದವರು. "ಕುಂತ್ಕಳ್ರಿ ಮೇಡಂ" ಎಂದು ಕುರ್ಚಿ ಎಳೆದರು. ಅಜ್ಜನ ಹೆಸರು ಹೇಳಿದೆ. "ಸಿದ್ದಪ್ಪ ಅಂದ್ರೆ ಹೆಂಗ್ ಹುಡುಕಾದು? ನಮ್ಮ ಜಿಲ್ಲೆಲಿ ಕೂಗಿದ್ರೆ ಅರ್ಧ ಊರು ತಿರುಗ್ತೈತೆ. ಹೆಸರು ಬ್ಯಾಡ್ರಿ, ಮಿಲಿಟ್ರಿ ನಂಬರ್ ತರ್ರಿ" ಎಂದರು. ನಂಬರು ಯಾರಿಗೆ ಗೊತ್ತು? ಪೆಟ್ಟಿಗೆ, ಅಟ್ಟ ಎಲ್ಲ ಜಾಲಾಡಿದೆವು. ಕೊನೆಗೆ ಅದು ಸಿಕ್ಕಿದ್ದು ಕುರಿಗಳ ಹತ್ತಿರ. ಅತ್ತೆಯ ಮಗ ಮಂಜಣ್ಣ ಅಜ್ಜನ ಊಟದ ಡಬ್ಬಿಯಲ್ಲಿ ಕುರಿಗಳಿಗೆ ಉಪ್ಪು ಇಡುತ್ತಿದ್ದ. ಹುಣಸೆಹಣ್ಣು ಹಾಕಿ ಉಜ್ಜಿದರೆ ತಳದಲ್ಲಿ ಅಂಕಿಗಳು ಎದ್ದವು.

ಹೊಳಲ್ಕೆರೆಯವರು ಹೇಳಿದ ಸೈನ್ಯದ ದಾಖಲೆ ಕಚೇರಿಗೆ ಬರೆದೆ, ಮತ್ತೆ ಬರೆದೆ. ಈ ವರ್ಷ ಬೇಸಿಗೆ ಕಳೆದ ಮೇಲೆ ಉತ್ತರ ಬಂತು. ದಂಡಿಗೆ ದಿನಸಿ ಒದಗಿಸುವ ದಳ. ಜಾಗ, ಅಸ್ಸಾಮಿನ ಗಡಿ. ಕೆಲಸ, ಕುರಿ ಕಾಯುವುದು. ಊರಿನ ಕಸುಬನ್ನೇ ಯಾರೋ ತಪ್ಪಾಗಿ ಬರೆದುಕೊಂಡಿದ್ದಾರೆ ಎಂದು ನನಗೆ ಸಿಟ್ಟೇ ಬಂತು. ಕಾಗದ ಹಿಡಿದು ಮತ್ತೆ ಚಿತ್ರದುರ್ಗಕ್ಕೆ ಹೋದೆ.

"ತಪ್ಪಲ್ರಿ" ಎಂದರು ಹೊಳಲ್ಕೆರೆಯವರು. "ಸಿಪಾಯಿಗಳಿಗೆ ತಾಜಾ ಮಾಂಸ ಬೇಕಲ್ಲ. ಜೀವಂತ ಹಿಂಡೇ ದಂಡಿನ ಹಿಂದೆ ಹೋಗ್ತಿತ್ತು. ದಿನಾ ಇಷ್ಟು ಅಂತ ಕೊಯ್ಯಾಕೆ ಬಿಡೋರು. ಹಿಂಡು ನಡೆಸಾಕೆ ಕುರಿ ಗೊತ್ತಿರೋರೇ ಬೇಕು. ನಿಮ್ಮಜ್ಜಂದು ಬಂದೂಕಿನ ಕೆಲ್ಸ ಅಲ್ರಿ."

ಊರಿಗೆ ಮರಳುವ ಹೊಸದುರ್ಗದ ಬಸ್ಸಿನಲ್ಲಿ ಕೂತು ಇದನ್ನು ಹೇಗೆ ಹೇಳಲಿ ಎಂದು ಯೋಚಿಸಿದೆ. ಬಾವುಟದ ಪಕ್ಕ ನಿಂತ ಮನುಷ್ಯ ಅಷ್ಟು ದೂರ ಹೋಗಿ ಮಾಡಿದ್ದು ಮನೆಯ ಕೆಲಸವನ್ನೇ ಎಂದರೆ ಅತ್ತೆಗೆ ಅವಮಾನವಾದೀತೇ? ಆದರೆ ಅವಳ ಎದುರಿಗೆ ಕೂತಾಗ ಸುತ್ತುಬಳಸು ಮಾತು ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅತ್ತೆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಕೇಳಿದಳು, "ಕೊಯ್ಯಾಕೆ ಅಂತ ಹಿಂಡಿಂದ ಕರೆದು ಕೊಡಾದು ನಮ್ಮಪ್ಪನೇ ಏನು?"

"ಇನ್ಯಾರು ಕರೆದರೆ ಬರುತ್ತವೆ ಅತ್ತೆ?"

"ಹೆಸರಿಡಬ್ಯಾಡ ಅಂತಿದ್ದ" ಎಂದಳು. ಮುಂದಿನ ಮಾತು ನಮ್ಮಿಬ್ಬರಿಗೂ ಗೊತ್ತಿತ್ತು. ನಾವು ಎಷ್ಟೋ ಸಲ ನಕ್ಕ ಮಾತು ಅದು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅತ್ತು ಮುಗಿಸಿ, "ನಮ್ಮಪ್ಪ ಮನುಷ್ಯರ್ನ ಕೊಂದಿಲ್ಲ ಕಣೇ" ಎಂದು ನನ್ನ ಕೈ ಹಿಡಿದು ಅಲ್ಲಾಡಿಸಿದಳು. ಕಾಗದ ಎಲ್ಲವನ್ನೂ ಹೇಳುವುದಿಲ್ಲ ಎಂದು ಮಕ್ಕಳಿಗೆ ಪಾಠ ಮಾಡಿದವಳು ನಾನು. ಆದರೆ ಅಜ್ಜನ ಎಲೆಯ ಹುರುಳಿಕಾಳು ಈ ಕಾಗದಕ್ಕೆ ಸಾಕ್ಷಿ ನುಡಿಯುತ್ತಿತ್ತು. ನಾನೂ ನಂಬಿದೆ, ನಂಬಿ ಸಂತೋಷಪಟ್ಟೆ.

ಇದೆಲ್ಲ ಆಗಿ ಒಂದು ತಿಂಗಳಿಗೇ ಈ ಹಬ್ಬ. ಬೆಳ್ಳುಳ್ಳಿ ಬಿಡಿಸುತ್ತಾ, "ಈ ಸಲ ಆ ಎಲೆ ಹಾಕ್ತೀಯಾ ಅತ್ತೆ?" ಎಂದು ಕೇಳಿದೆ. ಅವಳು ಬಿಡಿಸಿದ ಬೆಳ್ಳುಳ್ಳಿ ಎತ್ತಿಕೊಂಡು ಒಳಗೆ ಹೋದಳು. ಎಡೆ ಹಾಕಿದಾಗ ಅಜ್ಜನ ಪಕ್ಕದ ಜಾಗ ಖಾಲಿಯಿತ್ತು. ಇಷ್ಟು ವರ್ಷ ಉಂಡು ಹೋಗುತ್ತಿದ್ದ ಯಾರೋ ನೆಂಟರು ಬರದೆ ಹೋದಂತೆ ನನಗೆ ಸ್ವಲ್ಪ ಕಸಿವಿಸಿಯೂ ಆಯಿತು.

ಪೂಜೆ ಮುಗಿದ ಮೇಲೆ ಅತ್ತೆ ಎತ್ತಿಟ್ಟಿದ್ದ ಒಂದು ಎಲೆ ತೆಗೆದು, ನೆನೆಸಿದ ಹುರುಳಿ, ಮೇಲೊಂದಷ್ಟು ಬೆಲ್ಲ ಹಾಕಿಕೊಂಡು ಹಿತ್ತಲಿಗೆ ನಡೆದಳು. ನಾನು ಹಿಂದೆ ಹೋದೆ. ಕುರಿಗಳ ರೊಪ್ಪದೊಳಗೆ ಎಲೆ ಇಟ್ಟು, ಫೋಟೋಗಳ ಮುಂದೆ ಮುಗಿದ ಹಾಗೆಯೇ ಕೈಮುಗಿದಳು. ಕುರಿಗಳು ಮುಗಿಬಿದ್ದು ಹುರುಳಿ, ಬೆಲ್ಲ, ಬಾಳೆ ಎಲೆ ಎಲ್ಲವನ್ನೂ ತಿಂದು ಮುಗಿಸಿದವು.

"ಇಷ್ಟು ವರ್ಸ ನಾನು ಬ್ಯಾರೆಯೋರಿಗೆ ಬಡಿಸಿದ್ನಲ್ಲೇ" ಎಂದು ಅತ್ತೆ ನಕ್ಕಳು.

ಒಳಗಿನಿಂದ ಮಂಜಣ್ಣ ಊಟಕ್ಕೆ ಕೂಗಿದ. ನಾನು ಇವತ್ತು ಅಜ್ಜನ ಎಲೆಯ ಮುದ್ದೆ, ಹುರುಳಿ ಸಾರು ಉಣ್ಣುತ್ತೇನೆ ಎಂದು ಅತ್ತೆಗೆ ಹೇಳಿದೆ.

"ಬಾಡು ಬ್ಯಾಡೇನು?"

"ಅದನ್ನೂ ಬಿಡಲ್ಲ" ಎಂದೆ. ಸುಳ್ಳು ಯಾಕೆ ಹೇಳಲಿ.

ಅತ್ತೆ ಹೊರಡಲು ತಿರುಗಿದಾಗ ಕಂದು ಬಣ್ಣದ ಮರಿಯೊಂದು ಬಂದು ಅವಳ ಅಂಗೈಗೆ ಮೂತಿ ಒತ್ತಿತು. ಬೆರಳಿಗೆ ಅಂಟಿದ್ದ ಬೆಲ್ಲವನ್ನು ಅದು ನೆಕ್ಕಿ ಮುಗಿಸುವವರೆಗೂ ಅವಳು ನಿಂತೇ ಇದ್ದಳು. ಅದನ್ನು ಯಾರೂ ಕರೆದಿರಲಿಲ್ಲ.