ಕೋಳಿಯ ಹೊಟ್ಟೆಯಲ್ಲಿ ಮೊಲದ ಸ್ಪ್ರಿಂಗು

“ತಗಡಿನ ಆಟದ ಸಾಮಾನಿಗೆ ಕಿವಿ ಇರುತ್ತೆ ನೋಡಿ. ಮೊಲದ ಕಿವಿ, ಬೆಕ್ಕಿನ ಕಿವಿ ಅಲ್ಲ ನಾನು ಹೇಳ್ತಿರೋದು. ಎರಡು ತಗಡು ಸೇರೋ ಜಾಗದಲ್ಲಿ ಉಗುರಿನಷ್ಟಗಲ ಪಟ್ಟಿ ಬಿಟ್ಟು, ಈ ಕಡೆಯಿಂದ ತೂರಿಸಿ ಆ ಕಡೆ ಮಡಚಿರ್ತಾರಲ್ಲ, ಅದಕ್ಕೆ ನಾನು ಕಿವಿ ಅಂತೀನಿ. ಬಿಚ್ಚೋಕೆ ಅದನ್ನ ನೆಟ್ಟಗೆ ಮಾಡ್ಬೇಕು, ಮುಚ್ಚೋಕೆ ಮತ್ತೆ ಮಡಚಬೇಕು. ಹೀಗೆ ಎರಡು ಸಲ ತಡ್ಕೊಳ್ಳುತ್ತೆ, ಪುಣ್ಯ ಇದ್ರೆ ಮೂರು ಸಲ. ಆಮೇಲೆ ಪಟ್ ಅಂತ ಕೈಗೇ ಬರುತ್ತೆ. ಅದಕ್ಕೇ ಯಾರಾದ್ರೂ ಗೊಂಬೆ ತಂದ್ರೆ ನಾನು ತಕ್ಷಣ ಬಿಚ್ಚಲ್ಲ. ಮೆಲ್ಲಗೆ ಅಲ್ಲಾಡಿಸಿ ಕೇಳ್ತೀನಿ. ಸ್ಪ್ರಿಂಗ್ ಹೋಗಿದ್ರೆ ಒಂದು ಸದ್ದು, ಚಕ್ರದ ಹಲ್ಲು ಸವೆದಿದ್ರೆ ಇನ್ನೊಂದು ಸದ್ದು. ಜನ ನಗ್ತಾರೆ, ಏನ್ ಡಾಕ್ಟ್ರ ಥರ ಆಡ್ತೀರಪ್ಪ ಅಂತ. ಡಾಕ್ಟ್ರಿಗೇನು, ಹೊಲಿಗೆ ಹಾಕಿ ಕೂತ್ರೆ ಚರ್ಮ ತಾನೇ ಕೂಡ್ಕೊಳ್ಳುತ್ತೆ. ತಗಡು ಕೂಡ್ಕೊಳ್ಳಲ್ಲ. ಇನ್ನೊಂದು ಮಾತು. ಒಂದರ ಸಾಮಾನು ತೆಗೆದು ಇನ್ನೊಂದಕ್ಕೆ ನಾನು ಹಾಕಲ್ಲ. ಟೈಪ್‌ರೈಟರ್ ಅಂಗಡೀಲಿ ಅದನ್ನೇ ಮಾಡ್ತಿದ್ವಿ, ಕೆಟ್ಟ ಮೂರು ಮಿಷನ್ ಬಿಚ್ಚಿ ಒಂದು ಒಳ್ಳೇದು ಎಬ್ಬಿಸೋದು. ಆಫೀಸಿನ ಮಿಷನ್, ಯಾವುದರ ಎದೆ ಯಾವುದಕ್ಕೆ ಬಿತ್ತು ಅಂತ ಕೇಳೋರು ಯಾರು? ಗೊಂಬೆ ಹಾಗಲ್ಲ. ಅದಕ್ಕೊಂದು ಮನೆ ಇರುತ್ತೆ. ಕಾಯೋರು ಇರ್ತಾರೆ.”

ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಬಂದವರಿಗೆಲ್ಲ ಸ್ಪ್ರಿಂಗಣ್ಣ ಇದನ್ನು ಹೇಳುತ್ತಿದ್ದ. ಮೂವತ್ತೆಂಟು ವರ್ಷ ಟೈಪ್‌ರೈಟರ್ ರಿಪೇರಿ ಮಾಡಿದವನು. ಟೈಪ್‌ರೈಟರುಗಳ ಕಾಲ ಮುಗಿದು ಅಂಗಡಿ ಬಾಗಿಲು ಹಾಕಿದ ಮೇಲೆ, ಮನೆಯ ಕಿಟಕಿ ಪಕ್ಕದ ಮೇಜಿನ ಮೇಲೆ ಹಳೆಯ ಆಟಿಕೆಗಳನ್ನು ರಿಪೇರಿ ಮಾಡತೊಡಗಿದ. ಅವನ ಆಯುಧಗಳೆಂದರೆ ಮೂರು ಸಣ್ಣ ಸ್ಕ್ರೂಡ್ರೈವರ್, ಒಂದು ಇಕ್ಕಳ, ಒಂದು ಚಿಮುಟ, ಹಲ್ಲುಜ್ಜಿ ಸವೆದ ಬ್ರಷ್, ಹೊಲಿಗೆ ಯಂತ್ರದ ಎಣ್ಣೆ, ಸೈಕಲ್ ಚಕ್ರದ ಕಡ್ಡಿಗಳ ಒಂದು ಕಟ್ಟು, ಮತ್ತು ಒಂದು ಸ್ಪಿರಿಟ್ ದೀಪ. ಸ್ಪ್ರಿಂಗಣ್ಣ ಎಂದು ಹೆಸರು ಇಟ್ಟವಳು ಎದುರು ಮನೆಯ ಟೈಲರಮ್ಮ. ಅವಳು ಹಾಗೆ ಕರೆದದ್ದೇ ಇಡೀ ಕಟ್ಟಡಕ್ಕೆ ರೂಢಿಯಾಯಿತು.

ಮದುವೆಯಾಗದ ಸ್ಪ್ರಿಂಗಣ್ಣನಿಗೆ ಮನೆಯಲ್ಲಿದ್ದವಳು ಅಕ್ಕ ಒಬ್ಬಳೇ. ಎಂಟು ವರ್ಷ ದೊಡ್ಡವಳು. ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿ ಹಾಕಿ ತಮ್ಮನನ್ನು ಓದಿಸಿದವಳು, ಅವನು ಓದದಿದ್ದಾಗ ಬೈದು ಕೆಲಸಕ್ಕೆ ಸೇರಿಸಿದವಳೂ ಅವಳೇ. ಕಳೆದ ವರ್ಷ ಲಕ್ವ ಹೊಡೆದು ಅವಳ ಬಲಗಡೆ ಪೂರ್ತಿ ಬಿದ್ದುಹೋಯಿತು. ಮಾತು ನಿಂತಿತು. ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿ ಊಟ ಬಿಟ್ಟರು. ಎಡಗೈಯಿಂದ ಎರಡು ಸಲ ಕಿತ್ತು ಹಾಕಿದಳು, ರಕ್ತ ಬಂತು. ಮೂರನೆಯ ಸಲ ಆ ಕೈಯನ್ನು ಮಂಚಕ್ಕೆ ಬಟ್ಟೆಯಿಂದ ಕಟ್ಟಿದರು. ನೆಟ್ಟಗಿದ್ದ ಒಂದು ಕೈಯನ್ನೂ ಕಟ್ಟಿದ್ದನ್ನು ಸ್ಪ್ರಿಂಗಣ್ಣ ನಿಂತು ನೋಡಿದ. ಮನೆಗೆ ಕಳಿಸುವಾಗ ಡಾಕ್ಟರು ನಳಿಗೆ ತೆಗೆದು, ಬಾಯಲ್ಲಿ ಉಣ್ಣುವ ತನಕ ಪರವಾಗಿಲ್ಲ, ನಿಲ್ಲಿಸಿದರೆ ಮತ್ತೆ ಇದೇ ದಾರಿ ಎಂದಿದ್ದರು.

ಮನೆಗೆ ಬಂದ ಅಕ್ಕ ಬಾಯಿ ಬಿಡಲಿಲ್ಲ. ಗಂಜಿಯ ಚಮಚ ತುಟಿಗೆ ತಾಗಿಸಿದರೆ ಹೊಲಿದ ಹಾಗೆ ಮುಚ್ಚಿಕೊಳ್ಳುತ್ತಿದ್ದಳು. ಪುಸಲಾಯಿಸಿದ, ಗದರಿದ, ಪಕ್ಕದಲ್ಲಿ ಕೂತು ತಾನೇ ತಿಂದು ತೋರಿಸಿದ. ಎರಡನೆಯ ದಿನ ಒಂದು ಕೈಯಲ್ಲಿ ಚಮಚ ಹಿಡಿದುಕೊಂಡೇ, ಏನೂ ತೋಚದೆ, ಮೇಜಿನ ಮೇಲಿದ್ದ ತಗಡಿನ ಕೋಳಿಗೆ ಕೀ ಕೊಟ್ಟ. ಅದು ಯಾರದ್ದೂ ಅಲ್ಲ. ಗುಜರಿಯವನು ಬಕೀಟಿನ ತಳದಿಂದ ಎತ್ತಿ ಸುಮ್ಮನೆ ಕೊಟ್ಟಿದ್ದು. ಕೋಳಿ ಟಿಕ್ ಟಿಕ್ ಟಿಕ್ ಎಂದು ಮೇಜು ಕುಕ್ಕಿತು. ಅಕ್ಕನ ಬಾಯಿ ತೆರೆಯಿತು. ಚಮಚ ಒಳಗೆ ಹೋಯಿತು, ಗಂಟಲಿಂದ ಇಳಿಯಿತು. ಕೋಳಿ ನಿಂತಿತು, ಬಾಯಿ ಮುಚ್ಚಿತು. ಮತ್ತೆ ಕೀ ಕೊಟ್ಟ, ಮತ್ತೆ ತೆರೆಯಿತು. ಒಂದು ಕೀಗೆ ನಾಲ್ಕು ಚಮಚ.

ಯಾಕೆ ಹಾಗೆ ಎಂದು ಡಾಕ್ಟರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಅಕ್ಕನಿಗೆ ಸ್ನಾನ ಮಾಡಿಸಲು ಬರುತ್ತಿದ್ದ ಟೈಲರಮ್ಮ ಮಾತ್ರ, “ಇನ್ನೇನಣ್ಣ, ಕೋಳಿ ತಿಂದು ಮುಗಿಸಿಬಿಟ್ರೆ ಅಂತ ನಿಮ್ಮಕ್ಕ ಪೈಪೋಟಿಗೆ ಬಿದ್ದಿದ್ದಾರೆ” ಎಂದು ನಕ್ಕಿದ್ದಳು. ಅವನೂ ನಕ್ಕಿದ್ದ. ಎಷ್ಟೋ ದಿನದ ಮೇಲೆ ನಕ್ಕಿದ್ದು.

ಹೊತ್ತಿಗೆ ಆರೇಳು ಕೀ, ದಿನಕ್ಕೆ ಮೂರು ಹೊತ್ತು. ಹಳೆಯ ಸ್ಪ್ರಿಂಗು ಅದನ್ನು ಎಷ್ಟು ದಿನ ತಾಳೀತು? ಆರನೆಯ ತಿಂಗಳಲ್ಲಿ ಕೋಳಿಯ ಹೊಟ್ಟೆಯೊಳಗೆ ಟಣ್ ಎಂದು ತುಂಡಾಯಿತು. ಸ್ಪ್ರಿಂಗಣ್ಣ ಗಡಿಯಾರದ ಅಂಗಡಿಗಳನ್ನೆಲ್ಲ ಸುತ್ತಿದ. ಗಡಿಯಾರದ ಸ್ಪ್ರಿಂಗು ಅಗಲ ಹೆಚ್ಚು, ಕೈಗಡಿಯಾರದ್ದು ಸಾಲದು. ಅಳತೆ ಟೇಪಿನ ಪಟ್ಟಿಯನ್ನು ಉದ್ದಕ್ಕೆ ಸೀಳಿ ಹಾಕಿ ನೋಡಿದ. ಬಿರುಸಾಗಿ ಕೋಳಿ ಮೇಜಿನಿಂದ ಹಾರಿ ಬಿತ್ತೇ ಹೊರತು ಕುಕ್ಕಲಿಲ್ಲ. ಅಷ್ಟರಲ್ಲಿ ಅಕ್ಕ ಉಂಡು ಎರಡು ದಿನವಾಗಿತ್ತು.

ಕಪಾಟಿನಲ್ಲಿ ಒಂದು ಮೊಲ ಕೂತಿತ್ತು. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವ ಹೆಂಗಸೊಬ್ಬಳು ತಂದುಕೊಟ್ಟದ್ದು, ಅವಳ ಅಪ್ಪನ ಬಾಲ್ಯದ್ದು. ಹಿಂಗಾಲಿನ ಪಿನ್ನು ತುಕ್ಕು ತಿಂದಿತ್ತು. ಸೈಕಲ್ ಕಡ್ಡಿ ಕತ್ತರಿಸಿ ಹೊಸ ಪಿನ್ನು ಹಾಕಿ, ಕುಪ್ಪಳಿಸುವಂತೆ ಮಾಡಿ, ಚೀಟಿ ಕಟ್ಟಿ ಇಟ್ಟಿದ್ದ. ಅವಳು ಬರಲಿಲ್ಲ. ಮೂರು ಸಲ ಫೋನ್ ಮಾಡಿದ, ಆ ನಂಬರೇ ಇಲ್ಲ ಎಂದಿತು. ಒಂದು ವರ್ಷದ ಮೇಲಾಗಿತ್ತು. ಸ್ಪ್ರಿಂಗಣ್ಣ ಆ ಮೊಲವನ್ನು ಇಳಿಸಿ ಮೇಜಿನ ಮೇಲಿಟ್ಟುಕೊಂಡು ಚೀಟಿ ಬಿಚ್ಚಿದ. ಆಮೇಲೆ ಅವನ ಕೈ ಟೈಪ್‌ರೈಟರ್ ಅಂಗಡಿಯ ಕೈಯಾಯಿತು. ಮೊಲದ ಸ್ಪ್ರಿಂಗು ಕೋಳಿಯ ಹೊಟ್ಟೆಗೆ ದೊಡ್ಡದು. ಹೊರತುದಿಯಿಂದ ಮೂರು ಬೆರಳಿನಷ್ಟು ಕತ್ತರಿಸಿ ಒಳಗೆ ಕೂರಿಸಿದ. ಮಧ್ಯಾಹ್ನ ಅಕ್ಕ ಉಂಡಳು. ಅವನು ಖಾಲಿ ಮೊಲವನ್ನು ಮುಚ್ಚಿ, ಚೀಟಿಯನ್ನು ಮತ್ತೆ ಕಟ್ಟಿ, ಮುಖ ಗೋಡೆಯ ಕಡೆ ಮಾಡಿ ಕಪಾಟಿನಲ್ಲಿ ಇಟ್ಟ.

ಮೂರು ತಿಂಗಳು ಹಾಗೆ ಕಳೆಯಿತು. ನಾಲ್ಕನೆಯ ತಿಂಗಳ ಒಂದು ಮಧ್ಯಾಹ್ನ, ಅಕ್ಕನಿಗೆ ಉಣಿಸಲು ಗಂಜಿ ಆರಿಸುತ್ತಿದ್ದಾಗ, ಬಾಗಿಲು ಬಡಿದವಳು ಆ ಟಿಕೆಟ್ ಕೌಂಟರಿನ ಹೆಂಗಸೇ. ಬೇರೆ ಊರಿಗೆ ವರ್ಗವಾಗಿತ್ತಂತೆ, ಫೋನ್ ಕಳೆದುಹೋಗಿತ್ತಂತೆ. ಸಂಜೆಯ ಬಸ್ಸಿಗೆ ವಾಪಸ್ ಹೋಗಬೇಕು, ಮೊಲ ರಿಪೇರಿ ಆಗದಿದ್ದರೂ ಸರಿ, ಹಾಗೇ ಕೊಡಿ ಎಂದಳು. ಹಾಗೇ ಕೊಡಿ ಎಂದಳಲ್ಲ, ಕೊಟ್ಟುಬಿಡಲೇ ಎಂದು ಸ್ಪ್ರಿಂಗಣ್ಣನಿಗೆ ಒಂದು ಗಳಿಗೆ ಅನಿಸಿತು. ಮೊಲವನ್ನು ತೆಗೆದು ಕೊಟ್ಟ.

ಅವಳು ಮೊದಲು ಮಾಡಿದ್ದೇ ಕೀ ತಿರುಗಿಸಿದ್ದು. ಅದು ಗಾಳಿಯಲ್ಲಿ ತಿರುಗಿದ ಹಾಗೆ ಸಲೀಸಾಗಿ ತಿರುಗಿತು.

“ಇದು ಹೀಗಿರಲಿಲ್ಲ,” ಎಂದಳು. “ಓಡ್ತಿರಲಿಲ್ಲ, ಆದ್ರೆ ಕೀ ಬಿಗಿ ಇತ್ತು. ಕರ್ ಕರ್ ಅಂತಿತ್ತು.”

ನಂತರ ಅವಳೇ ವಿವರಿಸಿದಳು. ಅಪ್ಪನ ಕಣ್ಣು ಹೋಗಿ ಆರು ತಿಂಗಳಾಗಿತ್ತು. ಓಡುವ ಮೊಲ ಅವನಿಗೇನೂ ಕಾಣುವುದಿಲ್ಲ. ಆದರೆ ದಿನಾ ಕೇಳುತ್ತಾನೆ, ಮೊಲ ಎಲ್ಲಿ, ಮೊಲ ಎಲ್ಲಿ ಎಂದು. ಚಿಕ್ಕವನಿದ್ದಾಗ ಅವನ ಅಪ್ಪ ಓಡಿಸಲು ಬಿಡುತ್ತಿರಲಿಲ್ಲವಂತೆ, ಕೀ ಕೊಡಲು ಮಾತ್ರ ಬಿಡುತ್ತಿದ್ದನಂತೆ. ಹನ್ನೆರಡು ಸುತ್ತು. ಈಗ ಖಾಲಿ ಕೈಯಲ್ಲೇ ಕೂತು ಬೆರಳು ತಿರುಗಿಸುತ್ತಿರುತ್ತಾನೆ.

“ಓಡೋದು ಬೇಡ ನಂಗೆ. ಆ ಬಿಗಿ ಸಾಕು ಅಂತಲೇ ಬಂದೆ.”

ಸ್ಪ್ರಿಂಗಣ್ಣ ಒಳಕೋಣೆಯ ಪರದೆ ಸರಿಸಿದ. ದಿಂಬಿಗೆ ಒರಗಿ ಕೂತ ಅಕ್ಕ, ಅವಳ ಮುಂದಿನ ಹಲಗೆ, ಹಲಗೆಯ ಮೇಲೆ ಕೋಳಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕತ್ತರಿಸಿದ್ದನ್ನೂ ಹೇಳಿದ. ಬೆಳಿಗ್ಗೆ ನೆನೆಹಾಕಿದ್ದ ಸ್ನಾನದ ಬಟ್ಟೆ ಹಿಂಡುತ್ತಿದ್ದ ಟೈಲರಮ್ಮ ಹೊರಬಂದು, ಅಕ್ಕ ನಳಿಗೆ ಕಿತ್ತದ್ದು, ಕೈ ಕಟ್ಟಿದ್ದು ಎಲ್ಲವನ್ನೂ ತಾನೇ ಹೇಳತೊಡಗಿದಳು. ಅವನು ಸುಮ್ಮನಿರಮ್ಮ ಎಂದು ಕೈಸನ್ನೆ ಮಾಡಿದ. ಆದರೆ ಅವಳು ಆಗಲೇ ಎಲ್ಲ ಹೇಳಿಯಾಗಿತ್ತು.

ಆ ಹೆಂಗಸು ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ಮೊಲವನ್ನು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಳು.

“ನಾನೇನ್ ಮಾಡ್ಲಿ, ನೀವೇ ಹೇಳಿ ಯಜಮಾನ್ರೆ. ಬಿಟ್ಟುಹೋಗ್ತೀನಿ ಅನ್ನೋಕೆ ನಂಗೆ ಬಾಯಿ ಬರ್ತಿಲ್ಲ. ಕೊಡಿ ಅನ್ನೋಕೂ ಬರ್ತಿಲ್ಲ.”

“ನೀವೇನೂ ಹೇಳಬೇಡಿ ತಾಯಿ. ನಿಮ್ಮದು ಅದು. ಒಂದು ಊಟ ಮುಗೀಲಿ, ಅಷ್ಟು ಹೊತ್ತು ಕೂತ್ಕೊಳ್ಳಿ.”

ಅವನು ಚಮಚ ಹಿಡಿದ, ಕೀ ತಿರುಗಿಸಲು ಇನ್ನೊಂದು ಕೈ ಏಳಲಿಲ್ಲ. ಅದನ್ನು ನೋಡಿ ಆ ಹೆಂಗಸೇ ಎದ್ದು ಬಂದು ಹಲಗೆಯ ಪಕ್ಕ ಕೂತು ಕೋಳಿಗೆ ಕೀ ಕೊಟ್ಟಳು. ಕೋಳಿ ಕುಕ್ಕಿತು, ಅಕ್ಕ ಉಂಡಳು. ನಿಂತಾಗ ಮತ್ತೆ ಕೊಟ್ಟಳು. ಗಂಜಿ ಮುಗಿದ ಮೇಲೂ ಸ್ಪ್ರಿಂಗಣ್ಣ ಇನ್ನೊಂದು ಬಟ್ಟಲು ತಂದ. ಹೊಟ್ಟೆಯಲ್ಲಿ ನಾಳೆಗೂ ಕೂಡಿಡಬಹುದು ಎನ್ನುವವನ ಹಾಗೆ ಉಣಿಸಿದ. ಕೊನೆಗೆ ಅಕ್ಕನಿಗೆ ತೇಗು ಬಂತು, ಕೋಳಿ ಇನ್ನೂ ಕುಕ್ಕುತ್ತಿರುವಾಗಲೇ ಬಾಯಿ ಮುಚ್ಚಿಕೊಂಡಳು.

ಕೋಳಿಯನ್ನು ಮೇಜಿಗೆ ತಂದ. ಮೂರು ಸಲ ಬಿಚ್ಚಿದ ಕಿವಿಗಳು. ಸ್ಪಿರಿಟ್ ದೀಪದಲ್ಲಿ ಸ್ವಲ್ಪ ಕಾಯಿಸಿ, ಚಿಮುಟದಿಂದ ಕೂದಲೆಳೆಯಷ್ಟೇ ಎತ್ತಿದ. ಮೊದಲನೆಯದು ಮುರಿಯಿತು. ಎರಡನೆಯದೂ ಮುರಿಯಿತು. ನಾಲ್ಕಕ್ಕೆ ನಾಲ್ಕೂ ಚಿಮುಟದ ತುದಿಯಲ್ಲೇ ಉಳಿದವು. ಸ್ಪ್ರಿಂಗು ತೆಗೆದ. ಕತ್ತರಿಸಿದ ತುದಿಯನ್ನು ದೀಪದಲ್ಲಿ ಕೆಂಪಗೆ ಮಾಡಿ, ಮೊಳೆಯಿಂದ ತೂತು ಹೊಡೆದು, ಮೊಲದ ಒಳಗೆ ಸಿಕ್ಕಿಸಿ ಮುಚ್ಚಿದ. ಮೊಲದ್ದೂ ಮಡಚುವ ಕಿವಿ ಒಂದು ಹೋಯಿತು, ಉಳಿದವು ತಡೆದುಕೊಂಡವು. ಕೀ ಈಗ ಕರ್ ಕರ್ ಎಂದಿತು. ಆ ಹೆಂಗಸು ತುಟಿಯಲ್ಲೇ ಎಣಿಸುತ್ತ ತಿರುಗಿಸಿದಳು. ಒಂಬತ್ತಕ್ಕೆ ನಿಂತಿತು.

“ಮೂರು ಸುತ್ತು ನಾನು ತಿಂದುಬಿಟ್ಟೆ,” ಎಂದ ಸ್ಪ್ರಿಂಗಣ್ಣ. “ನಿಮ್ಮ ತಂದೆಗೆ ಗೊತ್ತಾಗುತ್ತೆ.”

“ಗೊತ್ತಾಗುತ್ತೆ,” ಎಂದಳು ಅವಳು.

ಮೊಲವನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲ ತನಕ ಹೋದವಳು ಅಲ್ಲೇ ನಿಂತಳು. ತಿರುಗಿ ಅವನ ಮುಖ ನೋಡದೆ, ಮೆಟ್ಟಿಲ ಕಂಬಿ ಹಿಡಿದುಕೊಂಡು, “ಅಪ್ಪ ಇರೋ ತನಕ ಅಷ್ಟೇ. ಆಮೇಲೆ ನಾನೇ ತಂದುಕೊಡ್ತೀನಿ” ಎಂದಳು. ಮಾತು ಬಾಯಿಂದ ಬಿದ್ದ ಮೇಲೆ ಏನು ಹೇಳಿದೆನೆಂದು ಅವಳಿಗೇ ತಿಳಿದಿರಬೇಕು, ಸರಸರ ಇಳಿದುಹೋದಳು. ಆ ದಿನ ಬೇಗ ಬರಲಿ ಎಂದು ಸ್ಪ್ರಿಂಗಣ್ಣ ಹೇಗೆ ಬೇಡಿಕೊಂಡಾನು?

ಟೈಲರಮ್ಮನಿಗೆ ಸಿಟ್ಟು ತಡೆಯಲಾಗಲಿಲ್ಲ. ಸ್ಪ್ರಿಂಗ್ ಮುರಿದುಹೋಯ್ತು ಅಂದಿದ್ದರೆ ಮುಗಿಯುತ್ತಿತ್ತಲ್ಲ, ಒಂದು ಸುಳ್ಳು ಹೇಳೋಕೂ ಬರದ ಗಂಡಸು ಎಂದು ಗೊಣಗಿದಳು. ಅವನು ಹೌದು ಎಂದ. ನಿಜವಾಗಿಯೂ ಅವನಿಗೆ ಹೌದು ಅನಿಸಿತ್ತು. ಅವಳು ಇನ್ನೂ ಬೈಯಬೇಕೆಂದಿದ್ದವಳು ಅವನ ಹೌದು ಕೇಳಿ, ಹೊಲಿಯಲು ಬಿದ್ದಿದ್ದ ಬಟ್ಟೆಗಳ ನೆಪ ಹೇಳಿ ಹೋದಳು.

ಸಂಜೆ ಸ್ಪ್ರಿಂಗಣ್ಣ ಕೋಳಿಯ ಎರಡು ಹೋಳುಗಳನ್ನು ಸೇರಿಸಿ ಟೈಲರಮ್ಮನ ಗಟ್ಟಿ ದಾರದಿಂದ ಸುತ್ತಿದ. ಕೊಕ್ಕನ್ನು ಬೆರಳಿನಿಂದ ತಾನೇ ಆಡಿಸಬಹುದೆಂದು ಲೆಕ್ಕ ಹಾಕಿದ್ದ. ಹಲಗೆಯ ಮೇಲಿಟ್ಟು, ಹಿಂದಿನಿಂದ ಬೆರಳು ತೂರಿಸಿ ಟಿಕ್ ಟಿಕ್ ಎಂದು ಕುಕ್ಕಿಸಿದ. ನಾಲಿಗೆಯಿಂದಲೂ ಟಿಕ್ ಟಿಕ್ ಎಂದ. ಅಕ್ಕ ಕೋಳಿಯನ್ನು ನೋಡಲಿಲ್ಲ. ಅವನ ಬೆರಳನ್ನು ನೋಡಿದಳು. ಬೆರಳಿನಿಂದ ಮಣಿಕಟ್ಟು, ಮಣಿಕಟ್ಟಿನಿಂದ ತೋಳು, ತೋಳಿನಿಂದ ಅವನ ಮುಖಕ್ಕೆ ಬಂದಳು. ಲಾಂಡ್ರಿಯಿಂದ ಬಂದು, ಪುಸ್ತಕ ತೆರೆಯದೆಯೇ ಓದಿದೆ ಎಂದ ತಮ್ಮನನ್ನು ನೋಡುತ್ತಿದ್ದ ಹಾಗೆಯೇ ನೋಡಿದಳು.

“ಒಂದೇ ಒಂದು ಚಮಚ ಅಕ್ಕಾ. ನನಗೋಸ್ಕರ.”

ತುಟಿ ಬಿಗಿಯಿತು. ಕೆನ್ನೆ ಒತ್ತಿ ಎರಡು ಚಮಚ ಹಾಕಿದ. ಎರಡೂ ಗದ್ದದ ಮೇಲಿಂದ ಇಳಿದು ಎದೆಯ ಬಟ್ಟೆ ಸೇರಿದವು. ಒರೆಸಿದ. ಅಕ್ಕ ಎಡಗೈ ಎತ್ತಿ ಬಟ್ಟಲನ್ನು ದೂರ ತಳ್ಳಿದಳು, ಜೋರಾಗಿ ಅಲ್ಲ, ಸಾಕು ಎನ್ನುವಷ್ಟು. ಆ ಕೈಯನ್ನು ಅವನು ಹಿಡಿದುಕೊಂಡ. ಬಿಸಿಯಾಗಿತ್ತು, ಬಲವಾಗಿತ್ತು. ಹಿಡಿದಷ್ಟು ಹೊತ್ತೂ, ಆಸ್ಪತ್ರೆಯವರು ಕೈ ಕಟ್ಟಿದ್ದಂಥದೇ ಮಂಚದ ಅಂಚಿನ ಪಟ್ಟಿಯ ಕಡೆಗೆ ಅವನ ಕಣ್ಣು ಹೋಗುತ್ತಲೇ ಇತ್ತು.

ಬಟ್ಟಲಿನ ಗಂಜಿ ಆರಿ ಕೆನೆಗಟ್ಟಿತ್ತು. ಇನ್ನರ್ಧ ಗಂಟೆ ಬಿಟ್ಟು ನೋಡೋಣ, ಹಸಿವಾದರೆ ತಾನೇ ಬಾಯಿ ಬಿಟ್ಟಾಳು ಎಂದು ತನಗೆ ತಾನೇ ಹೇಳಿಕೊಂಡು ಎದ್ದ. ಪಾತ್ರೆಗೆ ಸುರಿದು, ಒಂದು ಲೋಟ ನೀರು ಬೆರೆಸಿ, ಸಣ್ಣ ಉರಿಯ ಮೇಲಿಟ್ಟ. ತಳ ಹತ್ತದ ಹಾಗೆ ಸೌಟಿನಿಂದ ತಿರುವುತ್ತ ಒಲೆಯ ಮುಂದೆ ನಿಂತ.