ಕಾರ್ಮಿನ್ ಬಾಯಿಯ ನಗು

ಸಂಜೆಯ ತೇರ್ಸ್ ಮುಗಿದದ್ದೇ ಕಾರ್ಮಿನ್ ಬಾಯಿ ನಗುತ್ತಿದ್ದರು. ತೇರ್ಸ್ ಎಂದರೆ ನಾವು ಕ್ರಿಸ್ತುವರು ಜಪಮಾಲೆ ಹಿಡಿದು ಮಾಡುವ ಪ್ರಾರ್ಥನೆ. ಅದು ಮುಗಿದ ಮೇಲೆ ನಮ್ಮಲ್ಲೊಂದು ಕ್ರಮ ಉಂಟು. ಕಿರಿಯರು ಹಿರಿಯರ ಎದುರು ಕೈ ಮುಗಿದು 'ಬೆಸಾಂವ್ ದೀ', ಅಂದರೆ ಆಶೀರ್ವಾದ ಕೊಡಿ, ಎನ್ನಬೇಕು. ಹಿರಿಯರು 'ದೇವರು ಒಳ್ಳೇದು ಮಾಡ್ಲಿ' ಎನ್ನಬೇಕು. ನರಿಕೊಂಬಿನ ನಮ್ಮ ನೆರೆಕರೆಯಲ್ಲಿ ಕಾರ್ಮಿನ್ ಬಾಯಿಗಿಂತ ಹಿರಿಯರು ಯಾರೂ ಉಳಿದಿರಲಿಲ್ಲ. ಹಾಗಾಗಿ ಅವರು ಎಲ್ಲರಿಗೂ ಆಶೀರ್ವಾದ ಕೊಟ್ಟು ಮುಗಿಸಿ, ಗೋಡೆಯ ಶಿಲುಬೆಯ ಕಡೆ ತಿರುಗಿ, ಸಣ್ಣ ಹುಡುಗಿಯ ಹಾಗೆ ಕೈ ಜೋಡಿಸಿ, 'ಬೆಸಾಂವ್ ದೀ ಸಾಯ್ಬಾ' ಎಂದು ದೇವರನ್ನೇ ಕೇಳುತ್ತಿದ್ದರು. ಸ್ವಲ್ಪ ಹೊತ್ತು ಕಾಯುತ್ತಿದ್ದರು. ಆಮೇಲೆ ನಗು. ಮುಗುಳ್ನಗೆಯಲ್ಲ, ಹೆಗಲು ಕುಲುಕುವ ನಗು. ಇವರಿಗೆ ತಲೆ ಸರಿ ಇಲ್ಲ ಎಂದೇ ನಾನು ತುಂಬ ವರ್ಷ ತಿಳಿದುಕೊಂಡಿದ್ದೆ.

ನೋಡಲಿಕ್ಕೆ ಚೆಂದವೇನೂ ಇರಲಿಲ್ಲ. ಕುಳ್ಳು ಮೈ, ಎದುರಿನ ಹಲ್ಲು ಒಂದು ಇಲ್ಲ, ಸೀರೆಗೆಲ್ಲ ಹೊಗೆಸೊಪ್ಪಿನ ವಾಸನೆ. ಬದುಕು ಪೂರ್ತಿ ಬೀಡಿ ಕಟ್ಟಿದವರು. ಗೆರಸೆ ತೊಡೆಯ ಮೇಲಿಟ್ಟು ಜಗಲಿಯಲ್ಲಿ ಕೂತರೆ ಕೈ ಎಲೆ ಸುರುಳಿಸುತ್ತಿತ್ತು, ಬಾಯಿ ದೇವರ ಹತ್ತಿರ ಮಾತಾಡುತ್ತಿತ್ತು. ಬೇಡುವ ಮಾತಲ್ಲ, ಬರೀ ಸುದ್ದಿ. ಎಲೆ ಈ ಸಲ ತೂತು, ಕೋಳಿ ಮೊಟ್ಟೆ ಇಡುವ ಜಾಗ ಬದಲಿಸಿದೆ, ಸೊಂಟ ಹೀಗೆ ಹಿಡಿದಿದೆ, ಇಂಥದ್ದು. ಕಟ್ಟಿದ ಬೀಡಿಯನ್ನು ಕಂಪೆನಿಯ ಬ್ರಾಂಚಿಗೆ ಕೊಡಲು ಹೋಗುವಾಗಲೂ ದಾರಿಯುದ್ದಕ್ಕೂ ಅದೇ. ಒಮ್ಮೆ ಅಂಗಡಿಯ ಅಬ್ಬಾಸ್ ಕೇಳಿಯೇಬಿಟ್ಟ.

"ಬಾಯಮ್ಮ, ಕೈಯಲ್ಲಿ ಮೊಬೈಲೂ ಇಲ್ಲ, ಯಾರತ್ರ ಇಷ್ಟು ಮಾತು?"

"ನಿನ್ನನ್ನೂ ನನ್ನನ್ನೂ ಹುಟ್ಟಿಸಿದವನತ್ರ. ಅಬ್ಬಾಸ್ ಕೊಟ್ಟ ಹುಣಸೆಹುಳಿಯಲ್ಲಿ ಬರೇ ಬೀಜ ಅಂತ ಹೇಳ್ತಾ ಇದ್ದೆ."

"ಅಯ್ಯೋ, ಅಲ್ಲಿಗೆ ಯಾಕೆ ಕಂಪ್ಲೇಂಟು! ನನ್ನತ್ರವೇ ಹೇಳಿ ಮಾರಾಯ್ತಿ, ಬದಲಿಸಿ ಕೊಡ್ತೇನೆ."

ನನ್ನ ಗಂಡ ಫೆಲಿಕ್ಸ್ ಗಾರೆ ಕೆಲಸದವರು. ವೇಣೂರಿನಲ್ಲಿ ಕೆಲಸ ಮುಗಿಸಿ ಬರುವಾಗ ಬಸ್ಸಿನಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಬೆಳಿಗ್ಗೆ ಗಂಜಿ ಕುಡಿದು ಹೋದ ಮನುಷ್ಯ. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ ನಾನು ತೇರ್ಸ್ ನಿಲ್ಲಿಸಿದೆ. ಭಾನುವಾರ ಇಗರ್ಜಿಗೆ ಹೋಗುತ್ತಿದ್ದೆ, ಯಾಕೆಂದರೆ ಹೋಗದಿದ್ದರೆ ಜನ ವಿಚಾರಿಸಲು ಮನೆಗೆ ಬರುತ್ತಾರೆ. ಮನೆಯಲ್ಲಿ ಮಾತ್ರ ಜಪಮಾಲೆ ಮೊಳೆಯಿಂದ ಇಳಿಯಲಿಲ್ಲ. ದೇವರ ಮೇಲೆ ಸಿಟ್ಟಿತ್ತು ಎಂದರೆ ದೊಡ್ಡ ಮಾತಾಯಿತು. ಬಾಯಿ ಒಣಗಿತ್ತು, ಅಷ್ಟೇ. ಆದರೆ ಪ್ರಾರ್ಥನೆ ಇಲ್ಲದ ಸಂಜೆ ಎಷ್ಟು ಉದ್ದ ಎಂದು ಆಗ ಗೊತ್ತಾಯಿತು. ಇನ್ನು ಉಳಿದ ಆಯುಷ್ಯವೆಲ್ಲ ಹೀಗೆಯೇ ಎಂದು ಹೆದರಿಕೆಯೂ ಆಯಿತು.

ಕಾರ್ಮಿನ್ ಬಾಯಿ ಸಂಜೆ ನಮ್ಮ ಮನೆಗೆ ಬರಲು ಸುರು ಮಾಡಿದರು. ಸಮಾಧಾನದ ಮಾತು ಒಂದೂ ಇಲ್ಲ. ಚಾಪೆ ಬಿಡಿಸಿ ಶಿಲುಬೆಯ ಎದುರು ಕೂತು ತಾವೇ ಸುರು ಮಾಡುವುದು. ನಾನು ಅಡುಗೆಕೋಣೆಯಲ್ಲಿ ಬಂಗುಡೆ ಶುಚಿ ಮಾಡುತ್ತ ಕೇಳಿಸದವಳ ಹಾಗೆ ಇರುತ್ತಿದ್ದೆ. ತೇರ್ಸಿನಲ್ಲಿ 'ನಮಾನ್ ಮೊರಿಯೆ' ಎಂಬ ಜಪವನ್ನು ಅರ್ಧ ಒಬ್ಬರು ಹೇಳಬೇಕು, ಉಳಿದರ್ಧ ಕೂಡಿದವರು ಹೇಳಬೇಕು. ಒಬ್ಬರೇ ಇದ್ದರೆ ಎರಡನ್ನೂ ಅವರೇ ಹೇಳಿಕೊಳ್ಳುತ್ತಾರೆ. ಇವರು ಹಾಗೆ ಮಾಡಲಿಲ್ಲ. ತಮ್ಮ ಅರ್ಧ ಹೇಳಿ ಸುಮ್ಮನಾಗುವುದು. ಉಳಿದರ್ಧ ಹೇಳುವಷ್ಟು ಹೊತ್ತು ಕಾಯುವುದು. ಮತ್ತೆ ಮುಂದಿನದು. ಆ ಅರ್ಧರ್ಧ ಜಪ ಕಿವಿಯಲ್ಲಿ ನುಸಿ ಹೊಕ್ಕ ಹಾಗೆ ಕಾಡುತ್ತಿತ್ತು.

ಒಂದು ಶುಕ್ರವಾರ ಅವರು ಸಂತೋಷದ ರಹಸ್ಯಗಳನ್ನು ಎತ್ತಿಕೊಂಡರು. ರಹಸ್ಯ ಎಂದರೆ ತೇರ್ಸಿನಲ್ಲಿ ನೆನೆಯುವ ಯೇಸುವಿನ ಬದುಕಿನ ಘಟನೆಗಳು, ದಿನಕ್ಕೊಂದು ಬಗೆ. ಸಂತೋಷದ್ದು ಸೋಮವಾರ, ಶನಿವಾರಕ್ಕೆ. ಶುಕ್ರವಾರ ಯೇಸುವಿನ ಕಷ್ಟ, ಮರಣಗಳನ್ನು ನೆನೆಯುವ ದುಃಖದ ರಹಸ್ಯ. ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನನಗೆ ತಡೆಯಲಿಲ್ಲ.

"ಬಾಯಿ, ಇವತ್ತು ಶುಕ್ರವಾರ! ದುಃಖದ್ದು!"

"ದುಃಖದ್ದು ಈ ಮನೆಯಲ್ಲಿ ಬೇಕಾದಷ್ಟು ಉಂಟು ಸಿಸಿಲಿ. ನಾನು ಮತ್ತೆ ತರ್ಬೇಕಾ?"

"ಕ್ರಮ ಅಂತ ಒಂದಿಲ್ವಾ?"

"ಕ್ರಮ ಗೊತ್ತಿದ್ದವಳು ಮೀನಿನ ಹತ್ರ ಕೂತಿದ್ದಾಳೆ. ನಾನೇನು ಮಾಡ್ಲಿ?"

ಕೈ ತೊಳೆದು ಹೋಗಿ ಕೂತೆ. ಜಗಳ ಮಾಡಲೆಂದೇ ಕೂತದ್ದು. ಅವರು ತಮ್ಮ ಅರ್ಧ ಹೇಳಿ ನಿಲ್ಲಿಸಿದರು. ನನ್ನ ಬಾಯಿ ತಾನಾಗಿ ಉಳಿದರ್ಧ ಹೇಳಿತು. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಮುಂದಿನದಕ್ಕೆ ಹೋದರು.

ಮುಗಿದ ಮೇಲೆ ಅವರಿಂದ ಆಶೀರ್ವಾದ ತೆಗೆದುಕೊಂಡೆ. ಅವರು ಶಿಲುಬೆಯ ಕಡೆ ತಿರುಗಿ ತಮ್ಮದನ್ನು ಕೇಳಿದರು, ಕಾದರು, ನಕ್ಕರು.

"ಏನು ಹೇಳಿದ ಅವನು, ಅಷ್ಟು ನಗಾಡ್ಲಿಕ್ಕೆ?" ಎಂದೆ.

"ಏನು ಹೇಳ್ತಾನೆ ಪಾಪ! ನಾವಾದ್ರೆ ದೇವರು ಒಳ್ಳೇದು ಮಾಡ್ಲಿ ಅಂತ ಹೇಳಿ ಕೈ ತೊಳ್ಕೊಳ್ತೇವೆ. ಅವನಿಗೆ ಹಾಗೆ ಹೇಳ್ಲಿಕ್ಕೆ ಆಗ್ತದಾ? ಅವನೇ ದೇವರು! ಹೇಳ್ಲಿಕ್ಕೆ ಮಾತು ಸಿಗದೆ ನಗಾಡ್ತಾನೆ. ಅವನು ನಗುವಾಗ ನಾನು ಮುಖ ಊದಿಸಿ ಕೂತ್ಕೊಳ್ಳೂದಾ?"

ಇದು ಬೆಪ್ಪು ಮಾತು ಎಂದು ಅವರ ಮುಖಕ್ಕೇ ಹೇಳಿದೆ. "ಆಗ್ಲಿ, ಚಾ ಇಡು" ಎಂದರು.

ಆಮೇಲೆ ವರ್ಷಗಟ್ಟಲೆ ಸಂಜೆ ಜೊತೆಯಲ್ಲೇ ಕೂತೆವು. ಅವರ ಅರ್ಧ, ನನ್ನ ಅರ್ಧ. ಫೆಲಿಕ್ಸ್ ತಿರುಗಿ ಬರಲಿಲ್ಲ, ನನ್ನ ಮಂಡಿನೋವು ಬಿಡಲಿಲ್ಲ. ಆದರೆ ಬಾಯಿ ಒಣಗುವುದು ನಿಂತಿತು. ಸಂಜೆಯಾಗುವುದನ್ನು ಕಾಯುವವಳಾದೆ.

ಕಳೆದ ಮಳೆಗಾಲದಲ್ಲಿ ಅವರಿಗೆ ಕಫ ಕಟ್ಟಿ ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋದಾಗ ಉಸಿರು ಎಳೆಯುತ್ತಿತ್ತು. ಜಪಮಾಲೆ ಬೆರಳಿಗೆ ಸುತ್ತಿಕೊಂಡು ಮಲಗಿದ್ದರು. ತಮ್ಮ ಅರ್ಧ ಹೇಳಲು ಅವರಿಗೆ ಆಗಲಿಲ್ಲ. ನಾನು ಅದನ್ನು ಹೇಳಿ ಕಾದೆ. ಅವರ ತುಟಿ ಉಳಿದರ್ಧವನ್ನು ಹೇಳಿತು, ಸ್ವರ ಇರಲಿಲ್ಲ. ಹೊರಡುವಾಗ ಬೆಸಾಂವ್ ಕೇಳಿದೆ. ಬೆರಳೆತ್ತಿ ನನ್ನ ಹಣೆಯ ಮೇಲೆ ಶಿಲುಬೆ ಎಳೆದರು. ಬೆರಳಲ್ಲಿ ಆಗಲೂ ಹೊಗೆಸೊಪ್ಪಿನ ವಾಸನೆ.

ಅವರನ್ನು ಮಣ್ಣು ಮಾಡಿದ ದಿನ ಸಂಜೆ ನೆರೆಕರೆಯವರೆಲ್ಲ ನಮ್ಮ ಮನೆಯಲ್ಲಿ ತೇರ್ಸಿಗೆ ಕೂಡಿದರು. ಮುಗಿದದ್ದೇ ಎಲ್ಲರೂ ಸಾಲಾಗಿ ನನ್ನ ಎದುರು ಬಂದು ಕೈ ಮುಗಿದರು. ಒಂದು ಗಳಿಗೆ ನನಗೆ ಅರ್ಥವಾಗಲಿಲ್ಲ. ಇನ್ನು ಹಿರಿಯಳು ನಾನೇ. ಎಲ್ಲರಿಗೂ 'ದೇವರು ಒಳ್ಳೇದು ಮಾಡ್ಲಿ' ಎಂದೆ. ಆಮೇಲೆ ನಾನು ಕೇಳುವುದು ಯಾರ ಹತ್ತಿರ?

ಗೋಡೆಯ ಕಡೆ ತಿರುಗಿದೆ. ನಾಚಿಕೆಯಾಯಿತು, ಆದರೂ ಕೈ ಜೋಡಿಸಿ "ಬೆಸಾಂವ್ ದೀ ಸಾಯ್ಬಾ" ಎಂದೆ. ಕಾದೆ. ಅವನಿಗೆ ಮಾತು ಸಿಗದ್ದು ನೆನಪಾಯಿತು.

ಮೂಡುಬಿದಿರೆಯಲ್ಲಿ ಕಾಲೇಜಿಗೆ ಹೋಗುವ ಮೊಮ್ಮಗಳು ಲವೀನಾ ಹತ್ತಿರ ಬಂದು ಮೆಲ್ಲ ಕೇಳಿದಳು, "ಅಜ್ಜಿ, ಸಾವಿನ ದಿನ ನಗಾಡ್ತಾ ಇದ್ದೀರಲ್ಲ, ತಲೆ ಸರಿ ಉಂಟಾ?"