ತೆರೆಯದ ಕಾಜಾಗಳು

ಶರ್ಟು ಹೊಲಿಯುವ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕಾಜಾ ಎಂದೇ ಕರೆಯುತ್ತಿದ್ದರು. ಗುಂಡಿ ತೂರುವ ಪುಟ್ಟ ಕಿಂಡಿಗೆ, ಅಂದರೆ ಕಾಜಾಗೆ, ದಾರದ ಅಂಚು ಕಟ್ಟುವುದು ಅವಳ ಕೆಲಸ. ಅಂಚು ಕಟ್ಟಿ ಮುಗಿದ ಮೇಲೆ ನಡುವೆ ಬ್ಲೇಡು ಆಡಿಸಬೇಕು. ಹೊಲಿಗೆ ತಪ್ಪಿದರೆ ಬಿಚ್ಚಬಹುದು. ಬ್ಲೇಡು ಆಡಿದ ಬಟ್ಟೆ ಮತ್ತೆ ಒಂದಾಗುವುದಿಲ್ಲ.

ಹೊಟ್ಟೆ ಕಾಣತೊಡಗಿದಾಗ ಅಮ್ಮ ಅವಳ ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸಿದಳು. ಮನೆ ಎಂದರೆ ಒಂದೇ ಕೋಣೆ. ನಡುವೆ ಪರದೆ, ಆಚೆ ಅಣ್ಣ ಅತ್ತಿಗೆ, ಈಚೆ ತಾಯಿ ಮಗಳು. ನೆರೆಯವರು ನೋಡಿಯಾರೆಂದು ಕಿಟಕಿ ತೆರೆಯುವಂತಿರಲಿಲ್ಲ. ಮಗುವಿನ ಅಪ್ಪ ಊರು ಬಿಟ್ಟಿದ್ದ. ದತ್ತು ಕೊಡುವ ಮಾತೆತ್ತಿದ್ದು ಅಮ್ಮ. ದತ್ತು ಸಂಸ್ಥೆಯ ಮೇಡಂ ಕೇಳಿದ್ದಕ್ಕೆಲ್ಲ ಉತ್ತರಿಸಿದ್ದೂ ಅಮ್ಮನೇ.

"ಅವಳದೂ ಅದೇ ಮನಸ್ಸು, ಮೇಡಂ."

ಕಾಜಾ ತಲೆ ತಗ್ಗಿಸಿ ಮಗುವಿಗೊಂದು ಅಂಗಿ ಹೊಲಿಯುತ್ತಿದ್ದಳು. ಗುಂಡಿ ಹಚ್ಚಿದಳು, ಅಂಚು ಕಟ್ಟಿದಳು. ಬ್ಲೇಡು ಮಾತ್ರ ಮುಟ್ಟಲಿಲ್ಲ.

ಮಗುವನ್ನು ಕರೆದೊಯ್ಯುವ ದಿನ ಮೇಡಂ ಜೊತೆ ಆ ಹೆಂಗಸು ಬಂದಳು, ಇನ್ನು ಮುಂದೆ ತಾಯಿಯಾಗಬೇಕಾದವಳು. ಕೂರಲು ಜಾಗ ಸಾಲದೆ ಪರದೆಗೆ ಒರಗಿಬಿಟ್ಟಳು.

"ಹುಷಾರು, ಈ ಕಡೆ ಸಂಸಾರ ಇದೆ!" ಎಂದು ಅಣ್ಣ ಒಳಗಿಂದ ಕೂಗಿದ. ಆ ಹೆಂಗಸೊಬ್ಬಳೇ ನಕ್ಕಳು.

ಮಗುವಿಗೆ ಕಾಜಾ ಹೊಲಿದ ಅಂಗಿ ತೊಡಿಸಿ ಗುಂಡಿ ಹಾಕಲು ಹೋದಳು. ತೂರಲಿಲ್ಲ.

"ಇದನ್ನ ಕತ್ತರಿಸೇ ಇಲ್ವಲ್ಲ, ತಂಗಿ?"

"ಹಸಿ ಬಾಣಂತಿ, ತಲೆ ಎಲ್ಲೋ ಇರುತ್ತೆ. ಕೊಡಿ ಇಲ್ಲಿ." ಅಮ್ಮ ಬ್ಲೇಡು ಎತ್ತಿಕೊಂಡಳು.

"ಮುಟ್ಬೇಡಮ್ಮಾ!"

ಅಮ್ಮ ಬ್ಲೇಡು ಹಿಡಿದೇ ತಿರುಗಿದಳು.

"ಏನೇ ಇದು ಹೊಸ ರಾಗ?"

ಆ ಹೆಂಗಸು ಅಂಗಿಯ ಮೇಲೆ ಅಂಗೈ ಇಟ್ಟಳು. ಮುಖ ಬಿಳುಚಿತ್ತು. "ಕೊಡೋಕೆ ನಿಂಗೆ ಇಷ್ಟ ಇದೆಯಾ? ನೀನೇ ಹೇಳು."

ಆ ಪ್ರಶ್ನೆ ನೇರವಾಗಿ ಕಾಜಾಳ ಕಡೆಗೆ ಬಂದದ್ದು ಅದೇ ಮೊದಲು.

"ಗೊತ್ತಿಲ್ಲಕ್ಕಾ. ಇಟ್ಕೊಳ್ಳೋಕೆ ಜಾಗ ಇಲ್ಲ. ಕೊಡೋಕೆ ಕೈ ಬರ್ತಿಲ್ಲ. ಇವತ್ತು ಬೇಡ."

"ಬೇಡ ಅಂದ್ರೆ ಬೇಡ," ಎಂದು ಮೇಡಂ ಎದ್ದರು. "ಇವಳೊಬ್ಬಳನ್ನೇ ಕೂರಿಸ್ಕೊಂಡು ಕೇಳ್ಬೇಕಿತ್ತು ನಾನು. ಮತ್ತೆ ಬರ್ತೀನಿ."

ಆ ಹೆಂಗಸು ಮಗುವನ್ನು ಕಾಜಾಳ ಮಡಿಲಿಗಿಟ್ಟಳು. ತಂದಿದ್ದ ಪುಟ್ಟ ಕಂಬಳಿಯನ್ನು ಚೀಲಕ್ಕೆ ತುರುಕಿಕೊಂಡವಳು, ಬಾಗಿಲವರೆಗೆ ಹೋಗಿ ತಿರುಗಿ ಬಂದು ಮಗುವಿಗೆ ಹೊದಿಸಿದಳು.

"ಎದೆ ತೆರೆದಿದೆ. ಚಳಿಯಾಗುತ್ತೆ."

ಅವರು ಇಳಿದು ಹೋದ ಮೇಲೆ ಅಮ್ಮ ಚಿಲಕ ಹಾಕಿದಳು. "ಕೆಲಸಕ್ಕೆ ಹೋಗುವಾಗ ಯಾರ ಕೈಲಿ ಬಿಟ್ಟು ಹೋಗ್ತೀಯಾ, ಮಹಾರಾಣಿ?"

ಪರದೆ ಅಲ್ಲೇ ಇತ್ತು, ಕಿಟಕಿ ಮುಚ್ಚಿಯೇ ಇತ್ತು. ಮಗು ಅತ್ತಿತು. ಕಾಜಾ ಗೋಡೆಯ ಕಡೆಗೆ ತಿರುಗಿ ಕೂತು, ಗುಂಡಿ ಹಾಕದ ಅಂಗಿಯನ್ನು ಬೆರಳಿನಿಂದ ಕೂಡಿಸಿ ಹಿಡಿದು, ಹಾಲೂಡಿಸತೊಡಗಿದಳು.